ಚೀಟಿ ಎತ್ತಿಟ್ಟಿದ್ದ ಅಜ್ಜಿಗೆ, ಮತ್ತೆ ನಿಮಗೆಲ್ಲ

ಹೋದ ಗುರುವಾರ ನನ್ನ ಕೇಸಿನ ತೀರ್ಪು ಬಂತು. ಖುಲಾಸೆ. ನ್ಯಾಯಾಧೀಶರು ಓದಿದ್ದು ಎರಡೇ ನಿಮಿಷ, ನಾನು ಕಾದಿದ್ದು ನಾಲ್ಕು ವರ್ಷ ಮೂರು ತಿಂಗಳು. ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತೆ. ಅಳು ಬರುತ್ತದೆ ಅಂದುಕೊಂಡಿದ್ದೆ, ಹಸಿವಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಅವತ್ತಿನಿಂದ ಫೋನ್ ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಹೇಳಲು ಆಗುತ್ತಿಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಾನು ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ. 2021ರ ಜೂನ್‌ನಲ್ಲಿ ಆಡಿಟ್ ಆದಾಗ ಪಶು ಆಹಾರದ (ಫೀಡ್) ಲೆಕ್ಕದಲ್ಲಿ 2,86,400 ರೂಪಾಯಿ ಕಡಿಮೆ ಬಂತು. ಮೂಟೆಗಳು ಖರ್ಚಾಗಿವೆ, ದುಡ್ಡು ಮಾತ್ರ ಜಮಾ ಆಗಿಲ್ಲ. ಬೀಗದ ಕೈ ನನ್ನ ಹತ್ತಿರ, ಪುಸ್ತಕ ಬರೆಯುವವಳೂ ನಾನೇ. ಐಪಿಸಿ 408ರ ಕೆಳಗೆ ಕೇಸಾಯಿತು. ಕೆಲಸಕ್ಕಿರುವವರು ನಂಬಿಕೆ ದ್ರೋಹ ಮಾಡಿದರೆ ಆಗ ಹಾಕುತ್ತಿದ್ದ ಸೆಕ್ಷನ್ ಅದು, ಏಳು ವರ್ಷದವರೆಗೆ ಜೈಲು.

ಲೆಕ್ಕ ಕೇಳಿದ್ದು ತಪ್ಪು ಅಂತ ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಅದು ಎರಡು ಹಸು ಕಟ್ಟಿಕೊಂಡು ಸಂಸಾರ ನಡೆಸುವವರ ದುಡ್ಡು, ಕೇಳಲೇಬೇಕು. ನನ್ನ ನೋವು ಬೇರೆ. ಎಫ್‌ಐಆರ್ ಆದ ದಿನ ಸಂಜೆಗೇ ನನ್ನ ಫೋಟೋ ವಾಟ್ಸಾಪ್ ಗ್ರೂಪಿಗೆ ಬಂತು, ಕೆಳಗೆ 'ಡೇರಿ ಕಳ್ಳಿ' ಅಂತ ಬರೆದಿತ್ತು. ಆಗಿನ್ನೂ ಪೊಲೀಸರು ಒಂದು ಪುಸ್ತಕವನ್ನೂ ತೆರೆದು ನೋಡಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದ ಮಗಳು ಆ ಫೋಟೋವನ್ನು ನನಗಿಂತ ಮೊದಲೇ ನೋಡಿದ್ದಳು.

ಸ್ಟೇಷನ್ನಿನಿಂದ ಕಾಗದ ಬಂದಾಗ ನನ್ನ ಕೈ ನಡುಗುತ್ತಿತ್ತು. ಎದುರು ಮನೆಯ ಮೇಷ್ಟ್ರು, ರಿಟೈರ್ ಆದವರು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಹೇಳಿದರು: "ಇದು 41ಎ ನೋಟಿಸ್ ಕಣಮ್ಮ, ಅರೆಸ್ಟ್ ಅಲ್ಲ. ಹೇಳಿದ ದಿನ ಹೋಗು, ಕೇಳಿದ್ದಕ್ಕೆ ಉತ್ತರ ಕೊಡು." ಆಮೇಲೆ ತಿಳಿದುಕೊಂಡೆ. 2014ರಲ್ಲಿ ಅರ್ನೇಶ್ ಕುಮಾರ್ ಅನ್ನುವವರ ವರದಕ್ಷಿಣೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ಏಳು ವರ್ಷದವರೆಗೆ ಶಿಕ್ಷೆ ಇರುವ ಕೇಸುಗಳಲ್ಲಿ, ದೂರು ಬಂತು ಅಂತ ಸುಮ್ನೆ ಹಿಡಿದು ಒಳಗೆ ಹಾಕುವಂತಿಲ್ಲ. ಯಾಕೆ ಬಂಧಿಸಬೇಕು ಅಂತ ಪೊಲೀಸರು ಕಾರಣ ಬರೆಯಬೇಕು, ಬೇಡವಾದರೆ ನೋಟಿಸ್ ಕೊಟ್ಟು ಕರೆಯಬೇಕು. 2024ರ ಜುಲೈನಿಂದ ಬಂದ ಹೊಸ ಕಾನೂನಿನಲ್ಲೂ ಇದು ಇದೆ, 35ನೇ ಸೆಕ್ಷನ್‌ನಲ್ಲಿ. ಆ ತೀರ್ಪು ಇರದಿದ್ದರೆ ನಾನು ಮೊದಲ ವಾರವೇ ಜೈಲಿನಲ್ಲಿರುತ್ತಿದ್ದೆನೇನೋ. ಮೇಷ್ಟ್ರೇ, ಅವತ್ತು ನೀವು ಆ ಕಾಗದ ಓದಿಕೊಟ್ಟಿದ್ದನ್ನು ಮರೆಯುವುದಿಲ್ಲ.

ವಕೀಲರನ್ನು ಇಡಲು ದುಡ್ಡಿರಲಿಲ್ಲ. ಸಸ್ಪೆಂಡ್ ಆದ ಮೇಲೆ ಮನೆ ನಡೆಸುವುದೇ ಕಷ್ಟವಾಗಿತ್ತು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡಿ ಅಂತ ಹೇಳಿದ್ದು ಕೋರ್ಟ್ ಹತ್ತಿರ ಟೈಪ್ ಮಾಡುವ ಅಣ್ಣ. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರದ ಕಡೆಯಿಂದ ವಕೀಲರು ಸಿಗುತ್ತಾರೆ. ನನಗೆ ಗೊತ್ತೇ ಇರಲಿಲ್ಲ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಪುಕ್ಕಟೆ ವಕೀಲರು ಮನಸ್ಸಿಟ್ಟು ಕೆಲಸ ಮಾಡಲ್ಲ ಅಂತ ತುಂಬಾ ಜನ ಹೆದರಿಸಿದ್ದರು. ನನಗೆ ಸಿಕ್ಕ ಮೇಡಂ ಮೊದಲ ದಿನವೇ, "ನೀವು ತಗೊಂಡಿಲ್ಲ ಅನ್ನೋದು ಹಾಗಿರಲಿ, ಫೀಡ್ ದುಡ್ಡು ಡೇರಿಗೆ ಹೇಗೆ ಬರುತ್ತೆ, ಅದನ್ನ ಮೊದಲಿಂದ ಹೇಳಿ" ಅಂದರು. ಎರಡು ತಾಸು ಕೂತು ಕೇಳಿದರು.

ಕೇಸು ನಿಂತಿದ್ದೇ ಆ ಪ್ರಶ್ನೆಯ ಮೇಲೆ. ನಮ್ಮಲ್ಲಿ ಜಾಸ್ತಿ ಜನ ಫೀಡ್ ಮೂಟೆ ಸಾಲಕ್ಕೆ ಒಯ್ಯುತ್ತಾರೆ, ಅದರ ದುಡ್ಡನ್ನು ಬಟವಾಡೆಯಲ್ಲಿ, ಅಂದರೆ ಹಾಲಿನ ದುಡ್ಡು ಕೊಡುವಾಗ, ಹಿಡಿದುಕೊಳ್ಳುತ್ತೇವೆ. 2020ರಲ್ಲಿ ಲೆಕ್ಕ ಕಂಪ್ಯೂಟರಿಗೆ ಬಂದ ಮೇಲೆ ಎಂಟು ತಿಂಗಳು ಹೀಗೆ ಹಿಡಿದ ದುಡ್ಡೆಲ್ಲ ಫೀಡ್ ಖಾತೆಗೆ ಹೋಗದೆ 'ಇತರೆ ಕಡಿತ' ಅನ್ನುವ ಕಡೆ ಹೋಗಿ ಕೂತಿತ್ತು. ದುಡ್ಡು ಎಲ್ಲೂ ಹೋಗಿರಲಿಲ್ಲ, ಸಂಘದ ಬ್ಯಾಂಕ್ ಖಾತೆಯಲ್ಲೇ ಇತ್ತು. ಆದರೆ ತೋರಿಸುವುದು ಹೇಗೆ? ಡೇರಿಯ ಪುಸ್ತಕ ಮುಟ್ಟಲು ನನಗೆ ಬಿಡುತ್ತಿರಲಿಲ್ಲ, ಅದೂ ಸರಿಯೇ. ಹಾಲು ಹಾಕುವವರ ಹತ್ತಿರ ಇರುವ ಬಟವಾಡೆ ಚೀಟಿ ಬೇಕಿತ್ತು. ಅದನ್ನು ಯಾರು ಎತ್ತಿಡುತ್ತಾರೆ ಹೇಳಿ?

ಒಬ್ಬ ಅಜ್ಜಿ ಎತ್ತಿಟ್ಟಿದ್ದರು. ಎಲ್ಲಾ ಚೀಟಿಯನ್ನೂ ದಾರಕ್ಕೆ ಪೋಣಿಸಿ ಟ್ರಂಕಿನಲ್ಲಿ ಇಟ್ಟಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳಿದಾಗ ಅವರು ಹೇಳಿದ ಮಾತು ಇದು: "ನೀನು ತಿಂದಿದ್ದೀಯೋ ಇಲ್ವೋ ನಂಗೇನವ್ವ ಗೊತ್ತು. ನಂದು ದುಡ್ಡು ಹಿಡ್ಕಂಡವ್ರೆ, ಅದು ಚೀಟಿಲೈತೆ. ತಗಂಡೋಗಿ ತೋರ್ಸು." ಆ ಕ್ಷಣಕ್ಕೆ ಮನಸ್ಸಿಗೆ ಚುಚ್ಚಿತು. ಆಮೇಲೆ ಯೋಚಿಸಿದಷ್ಟೂ ಅವರ ಮೇಲಿನ ಗೌರವ ಜಾಸ್ತಿಯಾಯಿತು. ಅವರು ನನ್ನನ್ನು ನಂಬಿರಲಿಲ್ಲ, ಕಳ್ಳಿ ಅಂತಲೂ ಅನ್ನಲಿಲ್ಲ. ನೋಡದೆ ಹೇಳಲಾರೆ ಅಂದರು, ನೋಡುವುದಕ್ಕೆ ಬೇಕಾದ್ದನ್ನು ಕೈಗೆ ಕೊಟ್ಟರು. ಅವರ ಚೀಟಿ ನೋಡಿದ ಮೇಲೆ ಉಳಿದ ಹದಿಮೂರು ಮನೆಯವರೂ ಹುಡುಕಿ ತಂದುಕೊಟ್ಟರು. ಅಜ್ಜಿ, ನಿಮ್ಮ ಮೊಮ್ಮಗ ಇದನ್ನು ಓದಿ ಹೇಳುತ್ತಾನೆ ಅಂತ ಗೊತ್ತು. ನಿಮ್ಮ ಕಾಲಿಗೆ ಬೀಳುತ್ತೇನೆ.

ಪಹಣಿ ಕೊಟ್ಟು ಜಾಮೀನು ನಿಂತ ದೊಡ್ಡಪ್ಪನಿಗೆ, ಪ್ರತಿ ತಾರೀಖಿಗೂ ಬೈಕಿನಲ್ಲಿ ಕೋರ್ಟಿಗೆ ಬಿಟ್ಟುಬಂದ ನಾದಿನಿಯ ಗಂಡನಿಗೆ ಮಾತಲ್ಲಿ ಹೇಳಿದರೆ ಸಾಲದು.

ಸಾಕ್ಷಿ ಕಟಕಟೆಯಲ್ಲಿ ಆಡಿಟ್ ಮಾಡಿದವರಿಗೆ ಮೇಡಂ ಕೇಳಿದ್ದು ಕಡಿಮೆ. ಬ್ಯಾಂಕಿನ ಖಾತೆ ತಾಳೆ ನೋಡಿದ್ರಾ? ಇಲ್ಲ. 'ಇತರೆ ಕಡಿತ'ದಲ್ಲಿ ಏನೇನಿದೆ ಬಿಡಿಸಿ ನೋಡಿದ್ರಾ? ಇಲ್ಲ. ಆಮೇಲೆ ಚೀಟಿಗಳ ಕಟ್ಟು ಕೈಗೆ ಕೊಟ್ಟರು. ಅವರು ಒಂದೊಂದೇ ನೋಡುತ್ತಾ ಹೋದರು, ಕೊನೆಗೆ "ಹೌದು, ಇದು ಫೀಡ್ ಹಣವೇ" ಅಂದರು. ಪ್ರಾಮಾಣಿಕವಾಗಿ ಒಪ್ಪಿಕೊಂಡರಲ್ಲ, ಅವರಿಗೂ ನನ್ನ ನಮಸ್ಕಾರ.

ತೀರ್ಪು ಬಂದ ರಾತ್ರಿ ನಿದ್ದೆ ಬರಲಿಲ್ಲ. ಇಸ್ರೋ ಬೇಹುಗಾರಿಕೆ ಅಂತ 1994ರಲ್ಲಿ ನಡೆದ ಕೇಸಿನ ವಿಷಯ ನೆನಪಾಯಿತು. ಅದರಲ್ಲಿ ಆರೋಪಿಯಾಗಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಹೆಸರು ಎಲ್ಲರಿಗೂ ಗೊತ್ತು. ಅದೇ ಕೇಸಿನಲ್ಲಿ ಬೆಂಗಳೂರಿನ ಕೆ. ಚಂದ್ರಶೇಖರ್ ಕೂಡ ಆರೋಪಿಯಾಗಿದ್ದರು, ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಗೆ ಇಲ್ಲಿ ಪ್ರತಿನಿಧಿಯಾಗಿದ್ದವರು. ಇದರಲ್ಲಿ ಹುರುಳಿಲ್ಲ ಅಂತ ಸಿಬಿಐ 1996ರಲ್ಲೇ ಹೇಳಿತ್ತು. ಸುಪ್ರೀಂ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ಪರಿಹಾರ ಕೊಡಿಸಿದ್ದು 2018ರ ಸೆಪ್ಟೆಂಬರ್ 14ಕ್ಕೆ. ಅವತ್ತು ಚಂದ್ರಶೇಖರ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೋಮಾದಲ್ಲಿದ್ದರು. ಎರಡು ದಿನಕ್ಕೆ ತೀರಿಕೊಂಡರು. ಅಷ್ಟು ವರ್ಷ ಕಾದ ಮಾತು ಅವರ ಕಿವಿಗೆ ಬೀಳಲಿಲ್ಲ. ನನ್ನ ತೀರ್ಪನ್ನು ನಾನು ನಿಂತು ಕೇಳಿದೆ. ನಮ್ಮಪ್ಪ ಕೇಳಲಿಲ್ಲ, 2023ರ ಶ್ರಾವಣದಲ್ಲಿ ಹೋಗಿಬಿಟ್ಟರು. ಹೋಗುವ ಹಿಂದಿನ ವಾರವೂ "ತಾರೀಖು ಯಾವತ್ತು?" ಅಂತ ಕೇಳಿದ್ದರು.

ಫೋಟೋ ಹಾಕಿದವರಿಗೂ ಎರಡು ಮಾತು. ಇಬ್ಬರು ಮನೆಗೆ ಬಂದು ತಪ್ಪಾಯ್ತು ಅಂದಿದ್ದೀರಿ, ಕಾಫಿ ಕುಡಿದು ಹೋಗಿದ್ದೀರಿ, ಅಲ್ಲಿಗೆ ಮುಗಿಯಿತು. ಉಳಿದವರ ಮೇಲೂ ಕೇಸು ಹಾಕುವ ಮನಸ್ಸು ನನಗಿಲ್ಲ. ಒಂದೇ ಕೇಳಿಕೊಳ್ಳುವುದು. ಆ ಫೋಟೋ ಯಾವ ಯಾವ ಗ್ರೂಪಿಗೆ ಹೋಗಿತ್ತೋ ಆ ಎಲ್ಲಾ ಗ್ರೂಪಿಗೂ ತೀರ್ಪಿನ ಕೊನೆಯ ಪುಟ ಕಳಿಸಿ. ಮಗಳು ಈಗ ಡಿಗ್ರಿ ಕಾಲೇಜಿನಲ್ಲಿದ್ದಾಳೆ. ಅವಳ ಕ್ಲಾಸಿನಲ್ಲಿ ನಮ್ಮೂರಿನ ಹುಡುಗರು ಇದ್ದಾರೆ.

ಆಡಳಿತ ಮಂಡಳಿ ನನ್ನನ್ನು ಮತ್ತೆ ಕೆಲಸಕ್ಕೆ ಕರೆದಿದೆ. ಸೋಮವಾರ ಬೆಳಗ್ಗೆ ಐದೂವರೆಗೆ ಡೇರಿ ಬಾಗಿಲು ನಾನೇ ತೆಗೆಯುತ್ತೇನೆ. ಎಲ್ಲರೂ ಬನ್ನಿ. ಬಟವಾಡೆ ದಿನ ಚೀಟಿಯನ್ನು ಕೇಳಿ ಇಸ್ಕೊಳ್ಳಿ, ಮನೆಗೆ ಹೋಗಿ ದಾರಕ್ಕೆ ಪೋಣಿಸಿ ಇಡಿ.