ದಪ್ಪಕ್ಷರದ ಸಾಲುಗಳು ಮತ್ತು ನಿನ್ನ ಹಿಮೋಗ್ಲೋಬಿನ್

ಹಾಸನ

ಚಿ॥ ಸೌ॥ ಮೇಘನಾಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ರಕ್ತ, ಮೂತ್ರ ಪರೀಕ್ಷೆಯ ವರದಿಯನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಲು ಹೋಗಿ ಕಣ್ಣು ಸೋತಿತು. ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತರಿಸಿಕೊಂಡು, ಪೆನ್ಸಿಲ್ ಹಿಡಿದು ಕೂತು ಓದಿದ್ದೇನೆ. ಥೈರಾಯ್ಡ್, ಸಕ್ಕರೆ, ಕಿಡ್ನಿ ಮೂರೂ ಒಟ್ಟಿಗೆ ಕೆಟ್ಟವೇ ಎಂದು ಕೇಳಿದ್ದೀಯ. ಹಾಗೆ ನನಗೆ ಕಾಣುವುದಿಲ್ಲ. ಕೊನೆಯ ಮಾತು ವೈದ್ಯರದೇ. ಕಾಯಿಲೆ ಯಾವುದೆಂದು ಹೇಳುವುದು ನನ್ನ ಕಸುಬಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಿವೃತ್ತಿಯವರೆಗೂ ಇದೇ ಕೆಲಸ ಮಾಡಿದವಳಾದ್ದರಿಂದ ಆ ಅಂಕಿಗಳು ಹೇಗೆ ಹುಟ್ಟುತ್ತವೆ, ಎಲ್ಲಿ ದಾರಿ ತಪ್ಪುತ್ತವೆ ಎಂಬುದು ಗೊತ್ತು. ಅಷ್ಟನ್ನು ಬರೆಯುತ್ತೇನೆ, ನಿಧಾನವಾಗಿ ಓದು.

ಮೊದಲಿಗೆ ನೀನು ಮಾಡಿಸಿದ ತಪಾಸಣೆ ಪ್ಯಾಕೇಜಿನ ಆ ‘ಎಂಬತ್ತೆಂಟು ಪರೀಕ್ಷೆ’ಗಳ ವಿಚಾರ. ಎಂಬತ್ತೆಂಟು ಪರೀಕ್ಷೆ ಎಂದರೆ ಎಂಬತ್ತೆಂಟು ಬೇರೆ ಬೇರೆ ತಪಾಸಣೆ ಎಂದು ತಿಳಿಯಬೇಡ. ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ, ಒಂದನ್ನು ಯಂತ್ರಕ್ಕೆ ಕೊಟ್ಟರೆ ಇಪ್ಪತ್ತಕ್ಕೂ ಹೆಚ್ಚು ಸಾಲು ತಾನೇ ಬರುತ್ತದೆ, ಅಷ್ಟನ್ನೂ ಎಣಿಸಿದ್ದಾರೆ. ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್ ಒಂದು, ಒಟ್ಟು ಕೊಲೆಸ್ಟ್ರಾಲ್ ಇನ್ನೊಂದು, ಅವೆರಡರ ಅನುಪಾತ ಮೂರನೆಯದು! ಭಾಗಾಕಾರಕ್ಕೂ ಪರೀಕ್ಷೆಯ ಪಟ್ಟ. ಮಾರ್ಚ್ ತಿಂಗಳಲ್ಲಿ ಈ ಪ್ಯಾಕೇಜುಗಳ ಜಾಹೀರಾತು ಜೋರಾಗುವುದಕ್ಕೂ ಕಾರಣವಿದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಮುನ್ನೆಚ್ಚರಿಕೆ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆಯಲ್ಲ, ವರ್ಷದ ಕೊನೆಯಲ್ಲಿ ಎಲ್ಲರಿಗೂ ಆರೋಗ್ಯದ ನೆನಪಾಗುತ್ತದೆ.

ಮಿತಿಯ ಹೊರಗೆ ಬಿದ್ದ ಅಂಕಿಯನ್ನು ವರದಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ. ಸಾಲುಗಳು ಹೆಚ್ಚಾದಷ್ಟೂ ಆ ದಪ್ಪಕ್ಷರಗಳೂ ಹೆಚ್ಚುತ್ತವೆ. ಬಲಗಡೆ ಕೊಟ್ಟಿರುತ್ತಾರಲ್ಲ, ‘ಸಾಮಾನ್ಯ ಮಿತಿ’ ಎಂದು, ಅದನ್ನು ಕಟ್ಟುವ ರೀತಿ ಹೀಗೆ: ಆರೋಗ್ಯವಂತರ ದೊಡ್ಡ ಗುಂಪಿನ ರಕ್ತ ಪರೀಕ್ಷಿಸಿ, ಮೇಲಿನ ಶೇ 2.5 ಮತ್ತು ಕೆಳಗಿನ ಶೇ 2.5 ಬಿಟ್ಟು ನಡುವಿನ ಶೇ 95ರಷ್ಟನ್ನು ಮಿತಿ ಎಂದು ಬರೆಯುತ್ತಾರೆ. ಅಂದರೆ ಗಟ್ಟಿಮುಟ್ಟಾದ ಇಪ್ಪತ್ತು ಜನರಲ್ಲಿ ಒಬ್ಬರು ಪ್ರತಿ ಪರೀಕ್ಷೆಯಲ್ಲೂ ಹೊರಗೆ ಬೀಳಲೇಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವರಿಗೂ ಕನಿಷ್ಠ ಒಂದರಲ್ಲಿ ದಪ್ಪಕ್ಷರ ಬರುವ ಸಾಧ್ಯತೆ ಶೇ 64. ಸಕ್ಕರೆ, ಕೊಲೆಸ್ಟ್ರಾಲ್‌ನಂಥವುಗಳ ಗಡಿಯನ್ನು ಬೇರೆ ರೀತಿಯಲ್ಲಿ, ಮುಂದೆ ಆಗುವ ಅಪಾಯ ನೋಡಿ ಗೊತ್ತು ಮಾಡಿದ್ದಾರೆ. ಉಳಿದ ಬಹುಪಾಲು ಸಾಲುಗಳ ಕತೆ ಇದೇ.

ಈಗ ನಿನ್ನ ವರದಿಗೆ ಬರೋಣ. ನಿನ್ನನ್ನು ಹೆಚ್ಚು ಹೆದರಿಸಿದ್ದು ಥೈರಾಯ್ಡ್. ಟಿ4 ಥೈರಾಯ್ಡ್ ಗ್ರಂಥಿಯ ಹಾರ್ಮೋನು, ಟಿಎಸ್‌ಎಚ್ ಆ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು. ನಿನಗೆ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು. ಗೂಗಲ್ ಮಾಡಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೀಯ ಎಂದು ನಿನ್ನ ಅಪ್ಪ ಹೇಳಿದ. ಎದೆ ಬಡಿತ ಇಲ್ಲ, ಕೈ ನಡುಕ ಇಲ್ಲ, ತೂಕವೂ ಇಳಿದಿಲ್ಲ. ಕೂದಲು ಉದುರುತ್ತದೆ ಎಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದೀಯಲ್ಲ, ಆ ಡಬ್ಬಿಯ ಮೇಲೆ 10 ಮಿಲಿಗ್ರಾಂ ಎಂದಿದೆ ನೋಡು. ಒಬ್ಬ ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಅದರ ಮುನ್ನೂರು ಪಟ್ಟಿಗೂ ಹೆಚ್ಚು ನುಂಗುತ್ತಿದ್ದೀಯ. ಹಾರ್ಮೋನು ಅಳೆಯುವ ಹಲವು ಯಂತ್ರಗಳ ರಾಸಾಯನಿಕ ಕ್ರಮದಲ್ಲಿ ಬಯೋಟಿನ್ನೇ ಕೊಂಡಿಯಾಗಿ ಇರುತ್ತದೆ. ರಕ್ತದಲ್ಲಿ ಅದು ತುಂಬಿ ತುಳುಕುತ್ತಿದ್ದರೆ ಆ ಕೊಂಡಿ ಕೈಕೊಡುತ್ತದೆ, ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಹೆಚ್ಚು ಎಂದು ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮಾದರಿ ತೆಗೆಯಲು ಮನೆಗೆ ಬಂದ ಹುಡುಗ ‘ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ’ ಎಂದು ಕೇಳಲೇ ಇಲ್ಲ ಎಂದೆಯಲ್ಲ, ನನಗೆ ಸಿಟ್ಟು ಬಂದದ್ದು ಅಲ್ಲಿ. ವೈದ್ಯರಿಗೆ ಹೇಳಿ, ಎರಡು ಮೂರು ದಿನ ಆ ಮಾತ್ರೆ ನಿಲ್ಲಿಸಿ, ಟಿಎಸ್‌ಎಚ್ ಒಂದನ್ನು ಮತ್ತೆ ಮಾಡಿಸು.

ಇನ್ನು ಕಿಡ್ನಿಯ ಭಯ. ಮೂತ್ರದ ವರದಿಯಲ್ಲಿ ಕೀವುಕಣ 8–10, ಕೆಂಪು ರಕ್ತಕಣಗಳು, ಪ್ರೋಟೀನ್ ಅಲ್ಪ. ಅದರ ಕೆಳಗಿನ ಸಾಲು ನೋಡಿದೆಯಾ? ‘ಎಪಿಥೀಲಿಯಲ್ ಕೋಶಗಳು: ಹೇರಳ’. ಅವು ಚರ್ಮದಿಂದ, ಯೋನಿಮಾರ್ಗದಿಂದ ಉದುರಿ ಬಂದ ಕೋಶಗಳು. ಅವು ಹೇರಳವಾಗಿದ್ದರೆ ಮಾದರಿ ಹಿಡಿದದ್ದೇ ಸರಿಯಿಲ್ಲ ಎಂದು ನಾವು ಓದುತ್ತಿದ್ದೆವು. ಮುಟ್ಟು ಮುಗಿದ ಮಾರನೆಯ ದಿನವೇ ಕೊಟ್ಟೆ ಎಂದು ನೀನೇ ಬರೆದಿದ್ದೀಯ. ಕೆಂಪುಕಣ ಎಲ್ಲಿಂದ ಬಂತೆಂದು ಬೇರೆ ಹೇಳಬೇಕೇ? ಮುಟ್ಟು ಮುಗಿದು ನಾಲ್ಕೈದು ದಿನ ಬಿಟ್ಟು ಕೊಡು. ನೀರಿನಿಂದ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಡಬ್ಬಿಯ ಒಳಗೆ ಬೆರಳು ತಾಗದಂತೆ ಹಿಡಿ. ಒಂದೆರಡು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ಬೈಕಿನ ಪೆಟ್ಟಿಗೆಯಲ್ಲಿ ಬಿಸಿಲಿಗೆ ಊರು ಸುತ್ತಿದ ಮಾದರಿಯಲ್ಲಿ ಕಣಗಳು ಒಡೆಯುತ್ತವೆ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹಿಂದಿನ ದಿನ ಜಿಮ್‌ನಲ್ಲಿ ಮೈಮುರಿದು ದುಡಿದಿದ್ದರೂ ಮೂತ್ರದಲ್ಲಿ ಅಲ್ಪ ಪ್ರೋಟೀನ್ ಕಾಣಿಸುತ್ತದೆ. ಉರಿ, ಜ್ವರ ಇಲ್ಲದೆ ಈ ಕಾಗದವೊಂದನ್ನೇ ನಂಬಿ ಯಾರಾದರೂ ಆ್ಯಂಟಿಬಯಾಟಿಕ್ ಕೊಟ್ಟರೆ ಕಾರಣ ಕೇಳು.

ಉಳಿದದ್ದು ಸಕ್ಕರೆ. ಕಳೆದ ಕೆಲವು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 5.8 ಇದೆ, 5.7ರಿಂದ 6.4ರವರೆಗೆ ಮಧುಮೇಹಪೂರ್ವ ಸ್ಥಿತಿ, 6.5 ಮುಟ್ಟಿದರೆ ಮಧುಮೇಹ ಎಂಬುದು ಲೆಕ್ಕ. ಆದರೆ ನಿನ್ನ ಬರಿಹೊಟ್ಟೆಯ ಸಕ್ಕರೆ 92, ನೂರರ ಒಳಗೆ. ಎರಡೂ ಹೊಂದುವುದಿಲ್ಲವಲ್ಲ ಎಂದು ನಾನು ಸಿಬಿಸಿ ಹಾಳೆಗೆ ಹೋದೆ. ನಿಜವಾದ ಸುದ್ದಿ ಇದ್ದದ್ದು ಅಲ್ಲಿ.

ಹಿಮೋಗ್ಲೋಬಿನ್ 10.4. ನಿನ್ನ ಸಂದೇಶದಲ್ಲಿ ಇದರ ಪ್ರಸ್ತಾಪವೇ ಇಲ್ಲ! ‘ಸ್ವಲ್ಪ ಕಡಿಮೆ, ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೆಯೇ’ ಎಂದು ನಿನ್ನಮ್ಮ ಫೋನಿನಲ್ಲಿ ನಕ್ಕರು. ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಲ್ಲರಿಗೂ ಇದೆ ಎಂಬುದೇ ಅದನ್ನು ಗಣನೆಗೆ ತೆಗೆದುಕೊಳ್ಳದಿರಲು ಕಾರಣವಾಗಿಬಿಟ್ಟಿದೆ. ಕೆಂಪುಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ ನಿನಗೆ 73, ಅಂದರೆ ಕಣಗಳು ಚಿಕ್ಕವು. ಆರ್‌ಡಿಡಬ್ಲ್ಯು 18, ಅಂದರೆ ಗಾತ್ರ ಒಂದೇ ಸಮನಾಗಿಲ್ಲ. ಕೆಂಪುಕಣಗಳ ಎಣಿಕೆ 45 ಲಕ್ಷ. ಎಂಸಿವಿಯನ್ನು ಈ ಎಣಿಕೆಯಿಂದ, ಅಂದರೆ ದಶಲಕ್ಷದ ಲೆಕ್ಕದಲ್ಲಿ 4.5ರಿಂದ, ಭಾಗಿಸಿದರೆ ಸುಮಾರು 16 ಬರುತ್ತದೆ. 13ಕ್ಕಿಂತ ಕಡಿಮೆ ಬಂದಿದ್ದರೆ ಥಲಸ್ಸೇಮಿಯಾ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯ ವಾಹಕಳೇ ಎಂದು ನೋಡಬೇಕಾಗುತ್ತಿತ್ತು. ನಿನ್ನದು ಕಬ್ಬಿಣದ ಕೊರತೆಯ ಕಡೆಗೆ ಕೈ ತೋರಿಸುತ್ತಿದೆ. ಇದು ಅಂದಾಜು ಮಾತ್ರ. ಮಕ್ಕಳ ಯೋಚನೆ ಇದ್ದರೆ ಥಲಸ್ಸೇಮಿಯಾ ವಾಹಕತ್ವ ಪತ್ತೆ ಮಾಡುವ ಎಚ್‌ಬಿ ಎ2 ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳು.

ಕಬ್ಬಿಣದ ಕೊರತೆಯಿದ್ದಾಗ ಎಚ್‌ಬಿಎ1ಸಿ ಸುಳ್ಳೇ ಮೇಲೇರಬಹುದು. ಕೆಂಪುಕಣ ಸುಮಾರು 120 ದಿನ ಬದುಕುತ್ತದೆ. ಆ ಅವಧಿಯಲ್ಲಿ ಅದಕ್ಕೆ ಅಂಟಿದ ಸಕ್ಕರೆಯನ್ನು ಈ ಪರೀಕ್ಷೆ ಅಳೆಯುತ್ತದೆ. ಕಣವೇ ಸರಿಯಿಲ್ಲದಿದ್ದರೆ ಅಳತೆ ಎಲ್ಲಿಂದ ಸರಿ ಬರಬೇಕು? ಕೂದಲು ಉದುರುವುದಕ್ಕೂ, ಮೆಟ್ಟಿಲೇರಿದರೆ ಏದುಸಿರು ಬರುವುದಕ್ಕೂ ಇದೇ ಮೂಲವಿರಬಹುದು. ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸು. ಆ ಎಂಬತ್ತೆಂಟರಲ್ಲಿ ಅದೊಂದು ಇಲ್ಲ. ಜ್ವರ, ನೆಗಡಿ ಇರುವಾಗ ಬೇಡ, ಆಗ ಫೆರಿಟಿನ್ ತಾನಾಗಿ ಮೇಲೇರುತ್ತದೆ. ಮುಟ್ಟಿನಲ್ಲಿ ಸ್ರಾವ ಎಷ್ಟು ಎಂದು ಸ್ತ್ರೀರೋಗ ತಜ್ಞರಿಗೆ ನಾಚಿಕೆಯಿಲ್ಲದೆ ಹೇಳು. ಮಾತ್ರೆ ಎಷ್ಟು, ಎಷ್ಟು ದಿನ ಎಂಬುದು ಅವರಿಗೆ ಬಿಟ್ಟದ್ದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಕೆಲವು ತಿಂಗಳು ಮುಂದುವರಿಸಲು ಹೇಳುತ್ತಾರೆ, ದಾಸ್ತಾನು ತುಂಬಬೇಕಲ್ಲ, ನಡುವೆ ನಿಲ್ಲಿಸಬೇಡ. ಊಟವಾದ ತಕ್ಷಣ ಕಾಫಿ ಕುಡಿಯುವ ನಮ್ಮ ಮನೆತನದ ಚಟವನ್ನು ಒಂದೆರಡು ಗಂಟೆ ಮುಂದೂಡು. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುತ್ತದೆ.

ಹಾಗಾದರೆ ತಪಾಸಣೆಯೇ ಬೇಡವೇ ಎಂದು ಕೇಳುತ್ತೀಯ. ಎಲ್ಲರಿಗೂ ಎಲ್ಲವನ್ನೂ ಮಾಡಿಸುವ ತಪಾಸಣೆಯಿಂದ ಸಾವು ತಪ್ಪುವುದು ಕಾಣಲಿಲ್ಲ ಎಂದು ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ಹೇಳಿತು. ಎರಡೂವರೆ ಲಕ್ಷದಷ್ಟು ಜನರನ್ನು ಒಳಗೊಂಡ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ಮಾತು ಅದು. ಆ ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಯುರೋಪ್, ಅಮೆರಿಕಗಳಲ್ಲಿ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ 2023ರಲ್ಲಿ ತಿಳಿಸಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವ ನೀನು ನೋಡಿಸಿಕೊಳ್ಳದೆ ಇರಬಾರದು. ನಾನು ಹೇಳುವುದು ಇಷ್ಟೇ: ಕೆಲವೇ ಪರೀಕ್ಷೆಗಳನ್ನು ಆರಿಸಿಕೊ, ಸರಿಯಾಗಿ ಮಾದರಿ ಕೊಡು, ನಿನ್ನ ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಇಟ್ಟು ಓದು. ಸಿಬಿಸಿ, ಬರಿಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿಗೆ ಕ್ರಿಯಾಟಿನಿನ್, ಮೂತ್ರ. ನಿನಗೆ ಸದ್ಯಕ್ಕೆ ಇಷ್ಟು ಸಾಕು. ಕ್ಯಾನ್ಸರ್ ಮಾರ್ಕರ್, ಟೈಫಾಯ್ಡ್‌ಗೆ ಮಾಡುವ ವೈಡಲ್ ಇವೆಲ್ಲ ಲಕ್ಷಣವಿಲ್ಲದವರಿಗೆ ಬರೀ ತಲೆನೋವು. ಇವೆಲ್ಲಕ್ಕಿಂತ ಮೊದಲು ರಕ್ತದೊತ್ತಡ ನೋಡಿಸು, ಸೊಂಟದ ಸುತ್ತಳತೆ ತೆಗೆದುಕೊ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಎನ್ನುತ್ತಾರೆ; ಅಳಿಯಂದಿರಿಗೂ ಟೇಪು ಹಿಡಿ. ‘ನಮ್ಮ ಕ್ಲಿನಿಕ್’ನಲ್ಲಿ ರಕ್ತದೊತ್ತಡ, ಸಕ್ಕರೆ ಪುಕ್ಕಟೆಯಾಗಿ ನೋಡುತ್ತಾರೆ, ಅಲ್ಲಿಗೆ ಹೋಗಲು ಸಂಕೋಚವೇಕೆ?

ಪ್ರಯೋಗಾಲಯವನ್ನು ಪದೇ ಪದೇ ಬದಲಿಸಬೇಡ. ಯಂತ್ರ ಬದಲಾದರೆ ಮಿತಿಯೂ ಬದಲಾಗುತ್ತದೆ. ಪ್ರಯೋಗಾಲಯಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯೇ ನೋಡು. ಎಂಟರಿಂದ ಹನ್ನೆರಡು ಗಂಟೆ ಉಪವಾಸ ಸಾಕು, ನೀರು ಕುಡಿಯಬಹುದು. ರಕ್ತ ತೆಗೆಯುವವರು ಸಕ್ಕರೆಯ ಮಾದರಿಯನ್ನು ಬೂದು ಮುಚ್ಚಳದ ನಳಿಕೆಗೆ ಹಾಕುತ್ತಾರೆಯೇ ಗಮನಿಸು. ಅದರಲ್ಲಿ ಫ್ಲೋರೈಡ್ ಇರುತ್ತದೆ; ಅದಿಲ್ಲದೆ ಸುಮ್ಮನೆ ಇಟ್ಟ ರಕ್ತದಲ್ಲಿ ಕಣಗಳೇ ಸಕ್ಕರೆ ತಿಂದು ಗಂಟೆಗೆ ಶೇ 5ರಿಂದ 7ರಷ್ಟು ಇಳಿಸಿಬಿಡುತ್ತವೆ.

ಇನ್ನು ನಿನ್ನಪ್ಪ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸುತ್ತಿದ್ದೆವು. ನೀಲಿ ಹಸಿರಾಗಿ, ಹಳದಿಯಾಗಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಹೆಚ್ಚು ಎಂದರ್ಥ. ಅಣ್ಣ ಈಗಲೂ ‘ಮೂತ್ರದಲ್ಲಿ ಸಕ್ಕರೆ ಇಲ್ಲ’ ಎಂದು ಬೀಗುತ್ತಾನೆ. ರಕ್ತದಲ್ಲಿ 180 ದಾಟುವವರೆಗೆ ಸಾಮಾನ್ಯವಾಗಿ ಮೂತ್ರಕ್ಕೆ ಇಳಿಯುವುದೇ ಇಲ್ಲ ಎಂದರೆ ಕೇಳುವುದಿಲ್ಲ. ಕ್ರಿಯಾಟಿನಿನ್ 1.0 ಎಂದೂ ತೋರಿಸುತ್ತಾನೆ. ಕಿಡ್ನಿಯ ಶಕ್ತಿ ಬಹಳಷ್ಟು ಕುಗ್ಗಿದ ಮೇಲೆಯೇ ಅದು ಏರುವುದು. ಮಧುಮೇಹಿಗಳಿಗೆ ಮೂತ್ರದಲ್ಲಿ ಸೋರುವ ಪ್ರೋಟೀನನ್ನು ಹೇಳುವ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ವರ್ಷಕ್ಕೊಮ್ಮೆ ಬೇಕು, 30ರ ಒಳಗಿರಬೇಕು. ಈ ಅನುಪಾತವನ್ನು ಮಾತ್ರ ನಾನು ಅಣಕಿಸುವುದಿಲ್ಲ. ಅವನ ಕಡತದಲ್ಲಿ ಅದು ಒಮ್ಮೆಯೂ ಕಾಣಲಿಲ್ಲ. ನೀನು ಫೆರಿಟಿನ್ ಮಾಡಿಸಲು ಹೋಗುವ ದಿನವೇ ಅವನನ್ನೂ ಕರೆದುಕೊಂಡು ಹೋಗು, ಬೆಳಗಿನ ಮೊದಲ ಮೂತ್ರ ತರಲು ಹಿಂದಿನ ರಾತ್ರಿಯೇ ಡಬ್ಬಿ ಕೊಟ್ಟಿರು. ನಾನು ಹೇಳಿದೆ ಎನ್ನಬೇಡ, ಹಟ ಮಾಡುತ್ತಾನೆ. ವೈದ್ಯರು ಹೇಳಿದರು ಎನ್ನು. ಎರಡೂ ವರದಿ ಬಂದ ಮೇಲೆ ನನಗೆ ಕಳಿಸು, ಈ ಸಲ ಪಿಡಿಎಫ್ ಆಗಿ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ