ಇನ್ನೊಂದು ತುತ್ತು ಅನ್ನದೆ ಕೈ ಹಿಡಿದವರಿಗೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರಿಗೆಂದು ನಮ್ಮ ಕಡೆಯ ಅಡುಗೆಯನ್ನೇ ಇಟ್ಟುಕೊಂಡು ಮಾಡಿದ ಎಂಟು ವಾರದ ಊಟದ ಪಟ್ಟಿ ಈ ವಾರ ಅಚ್ಚಾಗಿ ಬಂತು. ಅದರ ಮೇಲೆ ಯಾರ ಹೆಸರೂ ಇಲ್ಲ. ಪಥ್ಯ ಬರೆದುಕೊಡುವ ಆಹಾರ ತಜ್ಞರು, ವಾರ್ಡಿನ ನರ್ಸುಗಳು ಸೇರಿ ಕರಡು ಮಾಡಿದೆವು, ನಿಜ. ಅದನ್ನು ತಿದ್ದಿ ಉಣ್ಣುವ ಹಾಗೆ ಮಾಡಿದವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮನೆಮನೆಯ ಅವ್ವಂದಿರು, ಅಕ್ಕಂದಿರು, ಹೆಂಡಂದಿರು, ಕೆಲವು ಮನೆಗಳಲ್ಲಿ ಗಂಡಂದಿರು. ಅವರಿಗೆ ಎಲ್ಲರೆದುರು ಕೈಮುಗಿಯಬೇಕೆಂದೇ ಈ ಬರಹ.

ಮೊದಲ ಧನ್ಯವಾದ ಒತ್ತಾಯ ಮಾಡದೆ ಇದ್ದದ್ದಕ್ಕೆ. ಬಂದವರ ತಾಟಿಗೆ ಬೇಡವೆಂದರೂ ಇನ್ನೊಂದು ರೊಟ್ಟಿ ಬೀಳುವ ಸೀಮೆ ನಮ್ಮದು. "ಎಷ್ಟ ಸೊರಗಿಯಲ್ಲೋ, ಒಂದ ತುತ್ತರ ಉಣ್ಣು" ಅನ್ನುವುದೇ ಇಲ್ಲಿ ಪ್ರೀತಿ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಚೀಲದ ಸುಮಾರು ಮುಕ್ಕಾಲಿಗಿಂತ ಹೆಚ್ಚು ಭಾಗವನ್ನು ತೆಗೆದಿರುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ, ಅದರಲ್ಲಿ ಹಿಡಿಯುವುದು 100ರಿಂದ 150 ಮಿ.ಲೀ. ಬೈಪಾಸ್ ಅಂದರೆ ಹೊಟ್ಟೆಯ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ನೇರ ಕರುಳಿಗೆ ಜೋಡಿಸುವುದು; ಅದಾದವರ ಹೊಸ ಚೀಲ ಇನ್ನೂ ಚಿಕ್ಕದು, ಸುಮಾರು 30 ಮಿ.ಲೀ. ಅಂಥ ಹೊಟ್ಟೆಗೆ ಆ ಇನ್ನೊಂದು ತುತ್ತು ಎದೆಯೊತ್ತಾಗುತ್ತದೆ, ಬಾಯಿತುಂಬ ನೊರೆಜೊಲ್ಲಾಗುತ್ತದೆ, ಕೊನೆಗೆ ವಾಂತಿಯಾಗುತ್ತದೆ. ಹೊಲಿಗೆ ಹಸಿಯಿರುವ ದಿನಗಳಲ್ಲಿ ಮತ್ತೆ ಮತ್ತೆ ವಾಂತಿ ಆಗುವುದು ಒಳ್ಳೆಯದಲ್ಲ. "ಸಾಕಂದ್ರ ಸಾಕು, ಏಳು" ಎಂದು ತಾಟು ಎತ್ತಿಕೊಂಡು ಹೋದ ತಾಯಂದಿರಿಗೆ ಅದು ಎಷ್ಟು ಕಷ್ಟವಾಗಿತ್ತೆಂದು ನಮಗೆ ಗೊತ್ತು.

ವಾರ್ಡಿನಲ್ಲಿ ಶಸ್ತ್ರಚಿಕಿತ್ಸೆಯ ದಿನ ಸಂಜೆಯೇ ಎಬ್ಬಿಸಿ ನಡೆಸಿದವರಿಗೂ ಧನ್ಯವಾದ. ನೋವಿದ್ದವರನ್ನು ನಡೆಸುವುದು ಮನೆಯವರಿಗೆ ಕ್ರೂರವಾಗಿ ಕಾಣುತ್ತದೆ. ಮಲಗಿದಲ್ಲೇ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕಾಲಿಗೆ ಬಿಗಿಯಾದ ಉದ್ದನೆಯ ಸಾಕ್ಸ್, ರಕ್ತ ತೆಳುವಾಗಿಸುವ ಇಂಜೆಕ್ಷನ್, ಮೂರು ಚೆಂಡಿನ ಉಸಿರಾಟದ ಸಾಧನ ಇವೆಲ್ಲ ಅದೇ ದಿನಗಳವು. ಭುಜದಲ್ಲಿ ಬರುವ ನೋವು ಹೆಚ್ಚಿನ ಸಲ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೊಟ್ಟೆಗೆ ತುಂಬಿದ್ದ ಗಾಳಿಯದು, ಅಡ್ಡಾಡಿದರೆ ಎರಡು ಮೂರು ದಿನದಲ್ಲಿ ಕರಗುತ್ತದೆ. ವಿಜಯಪುರದ ಕಡೆಗೆ ಕಾರಿನಲ್ಲಿ ಹೋಗುವಾಗ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಹತ್ತು ಹೆಜ್ಜೆ ಹಾಕಿಸಿದ ಡ್ರೈವರ್ ಅಣ್ಣಂದಿರೂ ಈ ಲೆಕ್ಕಕ್ಕೆ ಸೇರುತ್ತಾರೆ. ತುಂಬಿದ ಕೊಡ, ಹಿಟ್ಟಿನ ಡಬ್ಬಿ, ಅಳುವ ಕೂಸು ಇವನ್ನೆಲ್ಲ ಆರು ವಾರ ತಾವೇ ಎತ್ತಿದ ನೆರೆಹೊರೆಯವರೂ ಸಹ.

ನೀರಿನ ವಿಷಯಕ್ಕೆ ಬಂದರೆ, ಒತ್ತಾಯ ಬೇಕಾದದ್ದು ಇಲ್ಲಿ. ಮೊದಲ ತಿಂಗಳಲ್ಲಿ ಮರಳಿ ಆಸ್ಪತ್ರೆಗೆ ಬರಬೇಕಾದವರಲ್ಲಿ ಅನೇಕರಿಗೆ ಆಗಿರುವುದು ಒಳಗಿನ ಹೊಲಿಗೆಯ ಸೋರಿಕೆಯಲ್ಲ, ಸೋಂಕೂ ಅಲ್ಲ, ಮೈಯಲ್ಲಿ ನೀರು ಸಾಲದೆ ಬಂದ ಸುಸ್ತು. ಒಮ್ಮೆಲೇ ತಂಬಿಗೆ ಎತ್ತಿ ಗಟಗಟ ಕುಡಿಯುವುದು ಈಗ ಆಗುವುದಿಲ್ಲ. 30 ಮಿ.ಲೀ. ಹಿಡಿಯುವ ಔಷಧಿ ಲೋಟ, 15 ನಿಮಿಷಕ್ಕೊಮ್ಮೆ, ಗುಟುಕು ಗುಟುಕಾಗಿ. ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ತಪ್ಪದೆ ನಡೆದರೆ 56 ಲೋಟ, ಅಂದರೆ 1,680 ಮಿ.ಲೀ. ದಿನಕ್ಕೆ ಬೇಕಾದ ಒಂದೂವರೆ ಲೀಟರ್ ಹೀಗೆ ತುಂಬುತ್ತದೆ. ಮೊದಲ ವಾರ ಸೂಪು, ಕಟ್ಟು, ತಿಳಿಮಜ್ಜಿಗೆ ಎಲ್ಲವೂ ಈ ಲೆಕ್ಕದೊಳಗೇ. ಸ್ಟ್ರಾ ಬೇಡ, ಅದರಿಂದ ಗಾಳಿ ಒಳಗೆ ಹೋಗಿ ಉಬ್ಬರಿಸುತ್ತದೆ. ಸೋಡಾ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಒಂದೂವರೆ ಲೀಟರ್ ಸಾಲದು, ಎರಡರ ಹತ್ತಿರ ಹೋಗಬೇಕು. ಮೂತ್ರ ಗಾಢ ಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಹಿಂದೆ ಬಿದ್ದಿದ್ದೀರಿ ಎಂದರ್ಥ. ಫೋನಿನಲ್ಲಿ ಗಂಟೆ ಇಟ್ಟು, ಗೋಡೆಗೆ ಹಾಳೆ ಅಂಟಿಸಿ ಪ್ರತಿ ಲೋಟಕ್ಕೂ ಗೆರೆ ಎಳೆದ ಶಾಲೆಯ ಮಕ್ಕಳಿಗೆ ನಮ್ಮ ವಿಶೇಷ ಪ್ರೀತಿ. ಅಪ್ಪ ಅಮ್ಮನನ್ನು ಅಷ್ಟು ಶಿಸ್ತಾಗಿ ಕಾಯ್ದವರು ಬೇರೆ ಯಾರೂ ಇಲ್ಲ.

ಕಟ್ಟಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಬೇಳೆ ಬೇಯಿಸಿ ಬಸಿದ ಕಟ್ಟು ನಮ್ಮ ಕಡೆ ಬಾಣಂತಿಗೂ ಬೇನೆ ಬಿದ್ದವರಿಗೂ ಕೊಡುವಂಥದ್ದು. ಹಾಗಾಗಿ ಅದರಲ್ಲೇ ಎಲ್ಲ ಶಕ್ತಿ ಇದೆ ಎಂಬ ನಂಬಿಕೆ ಗಟ್ಟಿ. ತಿಳಿದ್ರವದ ಮೊದಲ ದಿನಗಳಿಗೆ ಕಟ್ಟು ಬಹಳ ಒಳ್ಳೆಯದು, ಉಪ್ಪು, ನೀರು, ರುಚಿ ಮೂರೂ ಸಿಗುತ್ತವೆ. ಆದರೆ ಪ್ರೋಟೀನ್ ಬಹುಪಾಲು ಬಸಿದಿಟ್ಟ ಬೇಳೆಯಲ್ಲೇ ಉಳಿಯುತ್ತದೆ. ಎರಡನೇ ವಾರವೂ ಬರೀ ಕಟ್ಟು, ಗಂಜಿನೀರು, ಎಳನೀರಿನ ಮೇಲೆ ಇದ್ದವರ ತೂಕ ಬೇಗ ಇಳಿದಂತೆ ಕಾಣುತ್ತದೆ. ಇಳಿಯುವುದರಲ್ಲಿ ಮಾಂಸಖಂಡವೂ ಸೇರಿರುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಇದನ್ನು ಮನೆಯ ವಾಟಿ, ಚಮಚದ ಲೆಕ್ಕಕ್ಕೆ ಇಳಿಸಿಕೊಟ್ಟವರು ಗೋಕಾಕ, ಜಮಖಂಡಿ, ಸಿಂದಗಿ ಕಡೆಯ ಮನೆಯವರು. ದ್ರವಾಹಾರದ ವಾರಕ್ಕೆ ಅವರು ಕೂಡಿಸಿದ ಒಂದು ದಿನದ ಲೆಕ್ಕ ಹೀಗಿದೆ: ಕೆನೆ ತೆಗೆದ ಹಾಲು 600 ಮಿ.ಲೀ.ಗೆ ಸುಮಾರು 20 ಗ್ರಾಂ, ಅದಕ್ಕೇ ಬೆರೆಸಿದ ಕೆನೆರಹಿತ ಹಾಲಿನ ಪುಡಿ 30 ಗ್ರಾಂಗೆ ಸುಮಾರು 10, ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಒಂದು ಅಳತೆಗೆ 20ರಿಂದ 24, 200 ಗ್ರಾಂ ಮೊಸರನ್ನು ಕಡೆದ ಮಜ್ಜಿಗೆಗೆ 6ರಿಂದ 7. ಒಟ್ಟು 60ರ ಆಸುಪಾಸು. ಪ್ರೋಟೀನ್ ಪುಡಿಯನ್ನು ಕುದಿಯುವ ಹಾಲಿಗೆ ಹಾಕಿದರೆ ಗಂಟು ಕಟ್ಟುತ್ತದೆ, ಉಗುರುಬೆಚ್ಚಗಾದ ಮೇಲೆ ಬೆರೆಸಬೇಕು. ಹಾಲು ಕುಡಿದಾಗ ಹೊಟ್ಟೆ ಗುಡುಗುಡು ಎಂದು ಭೇದಿಯಾದರೆ ಹಾಲಿನ ಸಕ್ಕರೆ ಅರಗುತ್ತಿಲ್ಲ. ಮೊಸರು, ಮಜ್ಜಿಗೆ, ಹಾಲಿನ ಸಕ್ಕರೆ ಬಹುಪಾಲು ತೆಗೆದ, ಐಸೊಲೇಟ್ ಎಂದು ಬರೆದಿರುವ ಪುಡಿ, ಸೋಯಾ ಹಾಲು ಆಗುತ್ತವೆ.

ಮೂರನೇ, ನಾಲ್ಕನೇ ವಾರ ನುಣ್ಣಗೆ ಅರೆದ ಊಟದ ಕಾಲ. ನಮ್ಮ ಮೊದಲ ಕರಡಿನಲ್ಲಿ ಓಟ್ಸ್, ಬ್ರೊಕೊಲಿ ಎಂದೆಲ್ಲ ಇತ್ತು. ಅದನ್ನು ಹೊಡೆದುಹಾಕಿ ಪಿಟ್ಲ ಬರೆಸಿದವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಎರಡು ಚಮಚ ಕಡಲೆಹಿಟ್ಟು, ಮುಕ್ಕಾಲು ಲೋಟ ನೀರು, ಚಿಟಿಕೆ ಅರಿಶಿನ, ಉಪ್ಪು, ಕಾಲು ಚಮಚ ಎಣ್ಣೆ. ಖಾರ ಹಾಕುವುದಿಲ್ಲ, ಸಾಸಿವೆ, ಕರಿಬೇವಿನ ಒಗ್ಗರಣೆಯೂ ಇಲ್ಲ, ಅವು ಗಂಟಲಿನ ಕೆಳಗೆ ಅಂಟಿ ಕೂರುತ್ತವೆ. ಹಸಿ ವಾಸನೆ ಹೋಗುವವರೆಗೆ ತಿರುವುತ್ತ ಕುದಿಸಿದರೆ ಮೊಸರಿನ ಹದಕ್ಕೆ ಬರುತ್ತದೆ. ಹೆಸರುಬೇಳೆ ನಾಲ್ಕು ಸೀಟಿ ಕೂಗಿಸಿ ಮಿಕ್ಸರಿನಲ್ಲಿ ತಿರುವಿ ಜರಡಿ ಹಿಡಿದದ್ದು, ನೀರು ಹಾಕಿ ಅರೆದ ಪನೀರು, ಮೊಟ್ಟೆ ತಿನ್ನುವವರಿಗೆ ಮೆತ್ತಗೆ ಕದಡಿ ಬೇಯಿಸಿದ ಒಂದು ಮೊಟ್ಟೆ, ಅದರಲ್ಲಿ 6 ಗ್ರಾಂ ಪ್ರೋಟೀನ್. ಒಂದು ಹೊತ್ತಿಗೆ ಎರಡು ಊಟದ ಚಮಚದಿಂದ ಆರಂಭ, ನಾಲ್ಕು ಚಮಚದವರೆಗೆ, ಅಂದರೆ 60 ಮಿ.ಲೀ. ಹೊತ್ತು ಮಾತ್ರ ಐದಾರು. ಇಲ್ಲಿಂದ ಮುಂದೆ ಊಟದ ಜೊತೆ ನೀರಿಲ್ಲ: 15 ನಿಮಿಷ ಮೊದಲೇ ನಿಲ್ಲಿಸಿ, ಊಟವಾಗಿ 30 ನಿಮಿಷದ ಮೇಲೆ ಮತ್ತೆ ಗುಟುಕು.

ರೊಟ್ಟಿ! ಎಲ್ಲರೂ ಕೇಳುವುದು ಅದನ್ನೇ, ಕೇಳುವುದು ಸಹಜವೂ ಹೌದು. ರೊಟ್ಟಿ ಇಲ್ಲದ ಊಟ ನಮ್ಮಲ್ಲಿ ಊಟವೇ ಅಲ್ಲ. ಕಟಕ ರೊಟ್ಟಿಯ ಅಂಚು ಚೂಪು, ಸರಿಯಾಗಿ ಅಗಿಯದೆ ನುಂಗಿದರೆ ಚುಚ್ಚುತ್ತದೆ. ಚಪಾತಿ, ಪಾವು, ಅನ್ನ ಬೇರೆ ರೀತಿ ಕಾಡುತ್ತವೆ, ಒಳಗೆ ಮುದ್ದೆಯಾಗಿ ಕೂಡಿಕೊಂಡು ದಾರಿ ಕಟ್ಟುತ್ತವೆ. ಹಾಗಾಗಿ ಐದು, ಆರನೇ ವಾರದ ಮೆತ್ತನೆಯ ಊಟದಲ್ಲಿ ಮಜ್ಜಿಗೆ ಹಾಕಿ ಕಲಸಿದ ಜೋಳದ ನುಚ್ಚು ಎರಡು ಚಮಚ, ಅದೂ ಕಾಳು ಅಥವಾ ಮೊಟ್ಟೆ ಅಥವಾ ಮೀನು ತಿಂದಾದ ಮೇಲೆ. ಎಂಟನೇ ವಾರ ದಾಟಿದ ಮೇಲೆ ಬಿಸಿ ಮೆತ್ತನೆಯ ಜೋಳದ ರೊಟ್ಟಿಯ ಕಾಲು ಭಾಗ, ಮಡಕಿಕಾಳಿನ ಸಾರಿನಲ್ಲಿ ಅದ್ದಿ, ಒಂದೊಂದು ಚೂರನ್ನು 25, 30 ಸಲ ಅಗಿದು. ಒಂದು ಊಟಕ್ಕೆ 20 ನಿಮಿಷಕ್ಕಿಂತ ಕಡಿಮೆ ಹಿಡಿದರೆ ಅವಸರ ಮಾಡಿದ್ದೀರಿ. ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ, ನಾರಿರುವ ಪುಂಡಿಪಲ್ಯ ಇವಕ್ಕೆ ಇನ್ನೂ ಒಂದು ತಿಂಗಳು ತಡೆಯಿರಿ. ಒಣ ಶೇಂಗಾ ಹಿಂಡಿಗೂ ಅಷ್ಟೇ. ನಿಮ್ಮ ಸರ್ಜನ್ ಬೇರೆ ವಾರ ಹೇಳಿದ್ದರೆ ಅವರ ಮಾತೇ ನಡೆಯಬೇಕು, ಒಳಗಿನ ಹೊಲಿಗೆ ನೋಡಿದವರು ಅವರು.

ಸಿಹಿಯ ವಿಷಯದಲ್ಲಿ ಮನೆಗಳು ತೋರಿಸಿದ ಗಟ್ಟಿತನ ದೊಡ್ಡದು. ಬೆಳಗಾವಿಯ ಕುಂದಾ, ಗೋಕಾಕ ಮತ್ತು ಅಮೀನಗಡದ ಕರದಂಟು, ಪಂಚಮಿಯ ಉಂಡಿ, ಸಂಕ್ರಾಂತಿಯ ಎಳ್ಳುಬೆಲ್ಲ, ಹಬ್ಬ ಹಬ್ಬಕ್ಕೂ ಹೋಳಿಗೆ. ಬೆಲ್ಲ ಸಕ್ಕರೆಯಲ್ಲ, ಒಂಚೂರು ನಡೆಯುತ್ತದೆ ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಹೊಟ್ಟೆಗೆ ಎರಡೂ ಒಂದೇ. ಹೆಚ್ಚು ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ನೀರನ್ನು ಎಳೆದುಕೊಳ್ಳುತ್ತದೆ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು, ಸ್ಲೀವ್ ಆದವರಲ್ಲೂ ಇಲ್ಲವೆಂದಲ್ಲ. ಕಬ್ಬಿನ ಹಾಲು ಇನ್ನೂ ಬೇಗ ಇಳಿಯುತ್ತದೆ. ಗಾಣದ ಮುಂದೆ ಗಾಡಿ ನಿಲ್ಲಿಸದೆ ಮನೆ ಸೇರಿದ ಕಬ್ಬು ಬೆಳೆಯುವ ಊರಿನವರೇ, ನಿಮಗೆ ಶರಣು.

ಔಷಧಿ ಅಂಗಡಿಯವರಿಗೆ ಹೇಳಲೇಬೇಕು. ಮಂಡಿನೋವಿಗೆ, ತಲೆನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿದಾಗ "ನಿಮಗ ಹೊಟ್ಟಿ ಆಪರೇಷನ್ ಆಗ್ಯಾದ್ರೀ, ಇದು ಕೊಡಂಗಿಲ್ಲ" ಎಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದ್ದೀರಿ. ಅವರು ಕೇಳಿದ ಆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆಗಳು ಹೊಲಿಗೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ಬೈಪಾಸ್ ಆದವರಿಗೆ ಹೆಚ್ಚು. ಬೀಡಿ, ಸಿಗರೇಟು, ತಂಬಾಕೂ ಅದೇ ಕೆಲಸ ಮಾಡುತ್ತವೆ. ಕ್ಯಾಲ್ಸಿಯಂ ಸಿಟ್ರೇಟ್ ಬರೆದಲ್ಲಿ ಕಾರ್ಬೊನೇಟ್ ಕೊಡದೆ ತರಿಸಿಕೊಟ್ಟದ್ದಕ್ಕೂ ಧನ್ಯವಾದ. ಹೊಟ್ಟೆಯ ಆಮ್ಲ ಕಡಿಮೆಯಾದಾಗ ಸಿಟ್ರೇಟ್ ಚೆನ್ನಾಗಿ ಹೀರಲ್ಪಡುತ್ತದೆ. ದಿನಕ್ಕೆ 1,200ರಿಂದ 1,500 ಮಿ.ಗ್ರಾಂ, ಒಂದು ಸಲಕ್ಕೆ 500, 600ಕ್ಕಿಂತ ಹೆಚ್ಚಿಲ್ಲ. ಕಬ್ಬಿಣದ ಗುಳಿಗೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಕಬ್ಬಿಣದ ಹಿಂದೆಯೇ ಚಹಾ ಬೇಡ. ಇವುಗಳ ಜೊತೆಗೆ ಬಿ12, ಡಿ ಮತ್ತು ಮಲ್ಟಿವಿಟಮಿನ್ ಜೀವನಪೂರ್ತಿ.

ಮಧುಮೇಹದ ಗುಳಿಗೆ, ಇನ್ಸುಲಿನ್, ಬಿಪಿ ಗುಳಿಗೆಗಳ ಪ್ರಮಾಣ ಮೊದಲ ದಿನಗಳಿಂದಲೇ ಬದಲಾಗುತ್ತದೆ. ಹಳೆಯ ಚೀಟಿಯಂತೆ ನುಂಗುತ್ತಿದ್ದವರನ್ನು ತಡೆದು ನಮಗೆ ಫೋನ್ ಮಾಡಿದ ಊರಿನ ವೈದ್ಯರಿಗೆ ನಾವು ಋಣಿ. ಅದಕ್ಕಿಂತ ದೊಡ್ಡ ಋಣ ಇನ್ನೊಂದಿದೆ. ಎರಡು ಮೂರು ದಿನ ಬಿಡದೆ ವಾಂತಿಯಾಗಿ ನಿತ್ರಾಣವಾದವರು ಹತ್ತಿರದ ದವಾಖಾನೆಗೆ ಹೋಗಿ "ಒಂದ ಗ್ಲೂಕೋಸ್ ಹಚ್ಚಿರಿ" ಅನ್ನುತ್ತಾರೆ. ಥಯಾಮಿನ್, ಅಂದರೆ ಬಿ1, ಖಾಲಿಯಾದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣಿಗೆ ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲ. ಮೊದಲು ಥಯಾಮಿನ್ ಕೊಟ್ಟು ಆಮೇಲೆ ಸಲೈನ್ ಹಚ್ಚಿದ ತಾಲ್ಲೂಕಿನ ವೈದ್ಯರು ಉಳಿಸಿದ್ದನ್ನು ನಾವು ಮರೆಯುವುದಿಲ್ಲ.

ರಾತ್ರಿ ಹೊತ್ತು ಬಾಗಿಲು ತಟ್ಟಿದಾಗ ಗಾಡಿ ತೆಗೆದವರಿಗೂ ನಮಸ್ಕಾರ. ನಾಡಿ ನಿಮಿಷಕ್ಕೆ 120 ದಾಟಿ ಇಳಿಯದಿದ್ದರೆ, ಜ್ವರ 100.4 ಮೀರಿದರೆ, ಹೊಟ್ಟೆನೋವು ದಿನದಿಂದ ದಿನಕ್ಕೆ ಏರಿದರೆ, ಉಸಿರು ಕಟ್ಟಿದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ಬೆಳಗಾಗುವವರೆಗೆ ಕಾಯಬಾರದು. ಒಳಗಿನ ಹೊಲಿಗೆ ಸೋರಿದಾಗ ಮೊದಲು ಸುಳಿವು ಕೊಡುವುದು ಅನೇಕ ಸಲ ನಾಡಿಯೇ.

ಮೂರನೇ ವಾರದ ಹೊತ್ತಿಗೆ ತೂಕದ ಕಾಟಾ ಅಲ್ಲಾಡದೆ ನಿಲ್ಲುತ್ತದೆ, ಮೈ ನೀರು ಹಿಡಿದುಕೊಳ್ಳುವ ಕಾಲ ಅದು, ತಾನೇ ಮುಂದೆ ಸರಿಯುತ್ತದೆ. ಮೂರರಿಂದ ಆರು ತಿಂಗಳಲ್ಲಿ ಕೂದಲು ಉದುರುತ್ತದೆ, ಪ್ರೋಟೀನ್ ಮತ್ತು ಕಬ್ಬಿಣ ಸರಿಯಿದ್ದರೆ ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಬಾಚಣಿಕೆ ನೋಡಿ ಅತ್ತ ಸೊಸೆಯ ತಲೆ ಸವರಿದ ಅತ್ತೆಯಂದಿರು, ಒಂದರಿಂದ ಒಂದೂವರೆ ವರ್ಷ ಬಸಿರು ಬೇಡವೆಂಬ ಮಾತನ್ನು ಮನೆಯ ಹಿರಿಯರಿಗೆ ತಾವೇ ತಿಳಿಸಿ ಹೇಳಿದ ಗಂಡಂದಿರು, ನಿಮ್ಮಿಂದ ಎಷ್ಟೋ ಹೆಣ್ಣುಮಕ್ಕಳ ಮನಸ್ಸು ಹಗುರಾಗಿದೆ.

ಪಟ್ಟಿಯ ಹಿಂದಿನ ಪುಟವನ್ನು ಖಾಲಿ ಬಿಟ್ಟಿದ್ದೇವೆ. ಮೂರನೇ ತಿಂಗಳ ರಕ್ತಪರೀಕ್ಷೆಗೆ ಬರುವಾಗ ಅದನ್ನು ಜೊತೆಗೆ ತನ್ನಿ. ನಿಮ್ಮ ಮನೆಯಲ್ಲಿ ಯಾವ ಕಾಳು ಮೆತ್ತಗೆ ಬೆಂದು ಹೊಂದಿಕೆಯಾಯಿತು, ಯಾವುದು ಕೂಡಿಬರಲಿಲ್ಲ, ಎಷ್ಟು ಚಮಚಕ್ಕೆ ಹೊಟ್ಟೆ ಸಾಕೆಂದಿತು, ಪೆನ್ನಿನಲ್ಲಿ ಬರೆದಿಟ್ಟಿದ್ದರೆ ಮುಂದಿನ ಅಚ್ಚಿಗೆ ಸೇರಿಸುತ್ತೇವೆ.