ನಿನ್ನ ಹಿಂದಿನ ದೀಪ ನಿನಗೆ ಕಾಣದು

ಪ್ರೀತಿಯ ಪುಟ್ಟಿ,

ಸ್ಕೂಟರ್ ಬಂದು ತಲುಪಿತು ಅಂತ ನೀನು ಕಳಿಸಿದ ಫೋಟೊ ನೋಡಿದೆ. ಇಷ್ಟು ವರ್ಷ ಪಾಠ ಮಾಡುವುದಕ್ಕೆ ನನ್ನನ್ನು ಸ್ಕೂಲಿಗೆ ಕರೆದುಕೊಂಡು ಹೋದ ಗಾಡಿ ಈಗ ಬೆಂಗಳೂರಿನಲ್ಲಿ, ನಿನ್ನ ರೂಮಿನ ಕೆಳಗೆ ನಿಂತಿದೆ. ಸಂತೋಷವಾಯಿತು, ಒಂಥರಾ ಸಂಕಟವೂ ಆಯಿತು. "ಸರ್ವಿಸ್ ಮಾಡಿಸಿದ್ದೇನೆ, ಬ್ರೇಕ್ ಶೂ ಹೊಸದು, ಸುಮ್ನೆ ಯೋಚನೆ ಮಾಡಬೇಡ" ಅಂದರು ನಿಮ್ಮಪ್ಪ. ಬ್ರೇಕಿನ ಬಗ್ಗೆ ನನಗೆ ಯೋಚನೆ ಇಲ್ಲ. ಫೋಟೊದಲ್ಲಿ ಹಿಂದಿನ ದೀಪದ ಮೇಲೆ ಪ್ಯಾಕಿಂಗ್ ಟೇಪ್ ಇನ್ನೂ ಹಾಗೇ ಅಂಟಿಕೊಂಡಿತ್ತು. ಮೊದಲು ಕೆಳಗೆ ಹೋಗಿ ಅದನ್ನು ಕಿತ್ತುಹಾಕು. ಆಮೇಲೆ ಈ ಪತ್ರ ಓದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆಫೀಸಿನಿಂದ ಸುಸ್ತಾಗಿ ಬಂದಿರುತ್ತೀಯ, "ಸರಿ ಅಮ್ಮ" ಅಂದು ಇಟ್ಟುಬಿಡುತ್ತೀಯ. ಈ ವಿಷಯ ಅಷ್ಟರಲ್ಲಿ ಮುಗಿಯುವುದಲ್ಲ.

ನಾನು ಬೆಳೆದದ್ದು ಪಾಂಡವಪುರದಲ್ಲಿ, ತಾತನ ಸೈಕಲ್ ಶಾಪಿನಲ್ಲಿ. ಆಗ ರಾತ್ರಿ ದೀಪ ಇಲ್ಲದೆ ಸೈಕಲ್ ತುಳಿದರೆ ಪೊಲೀಸರು ಹಿಡಿಯುತ್ತಿದ್ದರು. ವಾಲ್‌ಟ್ಯೂಬ್ ಕಿತ್ತು ಗಾಳಿ ಬಿಟ್ಟುಬಿಡುತ್ತಿದ್ದರು. ಹಾಗಾಗಿ ಸಂಜೆಯಾದರೆ ಡೈನಮೋ ರಿಪೇರಿಗೆ ಅಂತ ಜನ ಶಾಪಿನ ಮುಂದೆ ಕಾಯುತ್ತಿದ್ದರು. ಡೈನಮೋ ನೀನು ಅಟ್ಟದ ಮೇಲೆ ನೋಡಿದ್ದೀಯ, ಬಾಟಲಿಯ ಹಾಗೆ ಇರುತ್ತದಲ್ಲ, ಅದೇ. ಟೈರಿನ ಪಕ್ಕಕ್ಕೆ ಒರಗಿಸಿದರೆ ಅದರ ತಲೆ ಗಿರಗಿರ ತಿರುಗುತ್ತದೆ. ಒಳಗಿನ ಅಯಸ್ಕಾಂತ ತಿರುಗಿ ತಂತಿಯ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಒಟ್ಟು 6 ವೋಲ್ಟ್, 3 ವ್ಯಾಟ್. ಅದರಲ್ಲಿ ಮುಂದಿನ ಬಲ್ಬಿಗೆ 2.4 ವ್ಯಾಟ್, ಹಿಂದಿನ ಪುಟ್ಟ ಬಲ್ಬಿಗೆ 0.6 ವ್ಯಾಟ್. ಲೆಕ್ಕ ಹಾಗಿದ್ದರೂ ನಮ್ಮ ಶಾಪಿಗೆ ಬರುತ್ತಿದ್ದ ಎಷ್ಟೋ ಸೈಕಲ್‌ಗಳಲ್ಲಿ ಹಿಂದಿನ ಬಲ್ಬೇ ಇರುತ್ತಿರಲಿಲ್ಲ. ಮುಂದೆ ದಾರಿ ಕಂಡರೆ ಸಾಕು, ಹಿಂದೆ ಯಾಕೆ ಅನ್ನುತ್ತಿದ್ದರು. ಮಳೆ ಬಂದರೆ ಡೈನಮೋ ತಲೆ ಒದ್ದೆ ಟೈರಿನ ಮೇಲೆ ಜಾರಿ ದೀಪ ಮಿಣಮಿಣ ಅನ್ನುತ್ತಿತ್ತು. ಇದೆಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಚಕ್ರ ನಿಂತರೆ ದೀಪವೂ ಆರುತ್ತದೆ.

ತಾತನಿಗೆ ಪೆಟ್ಟಾದದ್ದು ಹಾಗೇ. ನಾನಾಗ ಏಳನೇ ಕ್ಲಾಸು. ನಾಲೆ ಏರಿ ಮೇಲೆ ಬಂದು ಬಲಕ್ಕೆ ತಿರುಗಬೇಕಿತ್ತು. ಎದುರಿಗೆ ಕಬ್ಬಿನ ಗಾಡಿಗಳ ಸಾಲು. ಅವು ದಾಟಲಿ ಅಂತ ತಾತ ರಸ್ತೆ ನಡುವೆ ಒಂದು ಕಾಲೂರಿ ನಿಂತರು. ನಿಂತ ಕೂಡಲೇ ದೀಪ ಆರಿತು. ಹಿಂದಿನಿಂದ ಬಂದ ಸ್ಕೂಟರಿನವರಿಗೆ ಅವರು ಕಾಣಲೇ ಇಲ್ಲ. ಬಲಗಾಲಿನ ಮೂಳೆ ಮುರಿಯಿತು. ಮೂರು ತಿಂಗಳು ಶಾಪ್ ಬಾಗಿಲು ಹಾಕಿತ್ತು. ಆ ಸ್ಕೂಟರಿನವರು ಕೆಟ್ಟವರಲ್ಲ, ಪುಟ್ಟಿ. ತಾತನನ್ನು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದವರೂ ಅವರೇ. "ನೀವು ಕಂಡಿದ್ದರೆ ನಿಲ್ಲಿಸುತ್ತಿರಲಿಲ್ಲವಾ ಯಜಮಾನರೇ" ಅಂತ ಮಂಚದ ಪಕ್ಕ ಕೂತು ಅಳುತ್ತಿದ್ದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮತ್ತೆ ಶಾಪ್ ತೆಗೆದ ದಿನದಿಂದ ತಾತ ಒಂದು ಕೆಲಸ ಹಿಡಿದರು. ಯಾವ ಸೈಕಲ್ ರಿಪೇರಿಗೆ ಬಂದರೂ ಹಿಂದಿನ ಮಡ್‌ಗಾರ್ಡಿಗೆ ಒಂದು ತುಂಡು ಕೆಂಪು ರೇಡಿಯಂ ಅಂಟಿಸಿಯೇ ಕಳಿಸುತ್ತಿದ್ದರು. ಅದಕ್ಕೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಸಂಜೆ ಹೊತ್ತು ಶಾಪಿನ ಮುಂದೆ ಹೋಗುವವರನ್ನು ಕೂಗಿ ಕರೆದು "ನಿನ್ನ ಹಿಂದಿನ ದೀಪ ಹತ್ತಿಲ್ಲ ಕಣಪ್ಪ" ಅನ್ನುತ್ತಿದ್ದರು. ಗಾಡಿ ಓಡಿಸುವವರಿಗೆ ತಮ್ಮ ಬೆನ್ನ ಹಿಂದಿನ ದೀಪ ಕಾಣುವುದಿಲ್ಲ ಅಲ್ವಾ? ಬೇರೆ ಯಾರಾದರೂ ನೋಡಿ ಹೇಳಬೇಕು. ನೀನು ಇಲ್ಲಿದ್ದಾಗ ಗಾಡಿ ಬೀದಿ ಕೊನೆ ಮುಟ್ಟುವ ತನಕ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅದು ಟಾಟಾ ಮಾಡುವುದಕ್ಕೆ ಮಾತ್ರ ಅಲ್ಲ. ತಿರುವಿನಲ್ಲಿ ನೀನು ಬ್ರೇಕ್ ಹಿಡಿದಾಗ ಕೆಂಪು ದೀಪ ಜೋರಾಗುತ್ತದಾ ಅಂತ ನೋಡುತ್ತಿದ್ದೆ.

ಈಗ ಸ್ಕೂಟರಿನ ವಿಷಯ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಸ್ಕೂಟರ್, ಬೈಕುಗಳಲ್ಲಿ ಎಂಜಿನ್ ಶುರುವಾದರೆ ಹೆಡ್‌ಲೈಟ್ ತಾನಾಗಿಯೇ ಹತ್ತಬೇಕು ಅಂತ ನಿಯಮ ಬಂತು. ಆರಿಸುವುದಕ್ಕೆ ಸ್ವಿಚ್ಚೇ ಕೊಡುವುದಿಲ್ಲ. ಮೊದಮೊದಲು ಎದುರು ಬರುವವರೆಲ್ಲ ಬೆರಳು ಮುಚ್ಚಿ ತೆರೆದು "ಲೈಟ್ ಉರಿಯುತ್ತಿದೆ" ಅಂತ ಸನ್ನೆ ಮಾಡುತ್ತಿದ್ದರು, ನೆನಪಿದೆಯಾ? ನಮ್ಮ ಗಾಡಿ 2014ರದು. ಸ್ವಿಚ್ ನೀನೇ ಒತ್ತಬೇಕು. ಹಗಲಿನಲ್ಲೂ ಒತ್ತು, ಡಿಮ್‌ನಲ್ಲಿಡು. ಕಾರಿನವರು ಪಕ್ಕದ ಕನ್ನಡಿಯಲ್ಲಿ ಒಂದು ಕ್ಷಣ ಕಣ್ಣು ಹಾಯಿಸುತ್ತಾರೆ. ಆ ಒಂದು ಕ್ಷಣದಲ್ಲಿ ಬೂದು ಬಣ್ಣದ ಗಾಡಿ ರಸ್ತೆಯ ಬಣ್ಣದಲ್ಲಿ ಕರಗಿಹೋಗಿರುತ್ತದೆ, ಬೆಳಕಿನ ಚುಕ್ಕೆ ಮಾತ್ರ ಕಾಣುತ್ತದೆ. ಇನ್ನೊಂದು. ಈ ಗಾಡಿಯ ಹೆಡ್‌ಲೈಟ್ ಎಂಜಿನ್ ಓಡಿದಷ್ಟು ಬೆಳಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಮಂಕಾಗುತ್ತದೆ. ಡೈನಮೋದ ಹಾಗೆ ಪೂರ್ತಿ ಆರುವುದಿಲ್ಲ, ಆದರೆ ಬುದ್ಧಿ ಅದೇ. ಹಾಗಾಗಿ ಕತ್ತಲಿರುವ ಕಡೆ ರಸ್ತೆ ನಡುವೆ ನಿಂತು ಕಾಯಬೇಡ. ಎಡಕ್ಕೆ ಸರಿದು ನಿಂತು, ದಾರಿ ಖಾಲಿಯಾದ ಮೇಲೆ ದಾಟು. ಐದು ನಿಮಿಷ ತಡವಾಗಲಿ.

ಹಿಂದಿನ ದೀಪದ ಬಲ್ಬು ಒಂದೇ ಆದರೂ ಒಳಗೆ ಉರಿಯುವ ತಂತಿ ಎರಡು. 5 ವ್ಯಾಟಿನದು ಸದಾ ಉರಿಯುವುದಕ್ಕೆ, 21 ವ್ಯಾಟಿನದು ಬ್ರೇಕಿಗೆ. ಒಂದು ಸುಟ್ಟರೂ ಇನ್ನೊಂದು ಉರಿಯುತ್ತಿರುತ್ತದೆ. ಅದಕ್ಕೇ "ಹಿಂದೆ ದೀಪ ಇದೆಯಲ್ಲ" ಅಂತ ಜನ ಮೋಸ ಹೋಗುತ್ತಾರೆ. ಇದನ್ನು ಒಬ್ಬಳೇ ನೋಡಿಕೊಳ್ಳುವ ಉಪಾಯ ತಾತ ಹೇಳಿಕೊಟ್ಟದ್ದು. ಕತ್ತಲಾದ ಮೇಲೆ ಗಾಡಿಯ ಹಿಂಭಾಗ ಗೋಡೆಗೆ ಹತ್ತಿರ ಬರುವ ಹಾಗೆ ನಿಲ್ಲಿಸು. ಗೋಡೆ ಮೇಲೆ ಸಣ್ಣಗೆ ಕೆಂಪು ಕಾಣಬೇಕು. ಬ್ರೇಕ್ ಹಿಡಿದರೆ ಆ ಕೆಂಪು ಜೋರಾಗಬೇಕು. ಎಡಗೈ, ಬಲಗೈ ಲಿವರ್ ಎರಡನ್ನೂ ಬೇರೆ ಬೇರೆಯಾಗಿ ಹಿಡಿದು ನೋಡು. ಎರಡಕ್ಕೂ ಬೇರೆ ಬೇರೆ ಸ್ವಿಚ್ ಇದೆ, ಒಂದು ಸತ್ತಿದ್ದರೆ ಗೊತ್ತೇ ಆಗುವುದಿಲ್ಲ. ದೀಪ ಚೆನ್ನಾಗಿದ್ದರೂ ಅದನ್ನು ಮುಚ್ಚಿಬಿಡುವ ಅಭ್ಯಾಸ ನಿನಗಿದೆ. ರೇನ್‌ಕೋಟಿನ ತುದಿ, ಹಿಂದೆ ಕಟ್ಟಿದ ಬ್ಯಾಗಿನ ಪಟ್ಟಿ ದೀಪದ ಮೇಲೆ ಇಳಿಬಿದ್ದಿರುತ್ತದೆ. ಕೂತ ಮೇಲೆ ಒಂದು ಸಲ ಕೈ ಹಿಂದೆ ಹಾಕಿ ಸವರಿ ನೋಡಿಕೋ.

ಇಂಡಿಕೇಟರ್ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳಬೇಕಾಗಿದೆ. ಜನ ತಿರುಗುತ್ತಾ ಇಂಡಿಕೇಟರ್ ಹಾಕುತ್ತಾರೆ. ಅದು ಕೆಲಸ ಮುಗಿದ ಮೇಲೆ ಸುದ್ದಿ ಕೊಟ್ಟ ಹಾಗೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಹಿಂದಿನವರು ನಿನ್ನ ದೀಪ ನೋಡಿ, ಅರ್ಥ ಮಾಡಿಕೊಂಡು, ಬ್ರೇಕ್ ಮುಟ್ಟುವಷ್ಟರಲ್ಲಿ ಎಷ್ಟು ದೂರ ಬಂದಿರುತ್ತಾರೆ ನೀನೇ ಲೆಕ್ಕ ಹಾಕು. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅಂತ ಇದೆ. ನೀನು ಹಾಕಿದ ಮೇಲೆ ಕಡಿಮೆ ಅಂದರೂ ಐದು ಸಲ ಮಿನುಗಲಿ, ಕನ್ನಡಿ ನೋಡು, ಒಮ್ಮೆ ತಲೆ ತಿರುಗಿಸಿ ನೋಡು, ಆಮೇಲೆ ತಿರುಗು. ಯಾವಾಗಲಾದರೂ ಒಂದು ಕಡೆ ಮಾತ್ರ ಟಕಟಕ ಅಂತ ಅವಸರವಾಗಿ ಮಿನುಗಿದರೆ ಆ ಕಡೆ ಯಾವುದೋ ಬಲ್ಬು ಹೋಗಿದೆ ಅಂತ ತಿಳಿ. ಕಾರಿನ ಹಾಗೆ ಇದು ತಾನಾಗಿ ಆರುವುದಿಲ್ಲ. ತಿರುಗಿದ ಮೇಲೆ ನೀನೇ ಆರಿಸಬೇಕು. ಎಡಗಡೆ ಇಂಡಿಕೇಟರ್ ಉರಿಯುತ್ತಲೇ ನೇರ ಹೋದರೆ, ಅಡ್ಡರಸ್ತೆಯಲ್ಲಿ ಕಾಯುತ್ತಿರುವವರು "ಇವಳು ಈ ಕಡೆ ತಿರುಗುತ್ತಾಳೆ" ಅಂತ ನಂಬಿ ಮುಂದೆ ಬಂದುಬಿಡುತ್ತಾರೆ. ಇಂಡಿಕೇಟರ್ ಹಾಕದಿರುವುದಕ್ಕಿಂತ ಇದು ಕೆಟ್ಟದ್ದು ಅಂತ ನನಗನ್ನಿಸುತ್ತದೆ. ಹತ್ತಿರದ ಮೆಕ್ಯಾನಿಕ್ ಹತ್ತಿರ ಇಂಡಿಕೇಟರ್‌ಗೆ ಬಜರ್ ಹಾಕಿಸು. ಬೀಪ್ ಬೀಪ್ ಸದ್ದಿಗೆ ನಿನಗೆ ಮುಜುಗರ ಅಂತ ಗೊತ್ತು. ಆದರೂ ಹಾಕಿಸು.

ಮುಂದೆ ಹೊಸ ಗಾಡಿ ತೆಗೆದುಕೊಂಡರೆ ಅದರಲ್ಲಿ ನಾಲ್ಕೂ ದೀಪ ಒಟ್ಟಿಗೆ ಮಿನುಗುವ ಸ್ವಿಚ್ ಇರಬಹುದು. ಮಳೆಯಲ್ಲಿ ಅದನ್ನು ಹಾಕಿಕೊಂಡು ಓಡಿಸುವವರನ್ನು ನೋಡಿ ಕಲಿಯಬೇಡ. ಅದು ಕೆಟ್ಟು ನಿಂತ ಗಾಡಿಗೆ. ಓಡುವಾಗ ಹಾಕಿದರೆ ಎಡಕ್ಕೋ ಬಲಕ್ಕೋ ಯಾರಿಗೂ ತಿಳಿಯುವುದಿಲ್ಲ.

ಇನ್ನು ನಿನ್ನ ಸೈಕಲ್ಲು. ಬೆಳಿಗ್ಗೆ ಐದೂವರೆಗೆ ಹೋಗುತ್ತೀಯಲ್ಲ, ಆಗಿನ್ನೂ ಕತ್ತಲೆ. ಚಾರ್ಜ್ ಮಾಡುವ ಎಲ್‌ಇಡಿ ದೀಪ ತೆಗೆದುಕೋ, ಮುಂದೆ ಬಿಳಿ, ಹಿಂದೆ ಕೆಂಪು. ಚೆಂದ ಅಂತ ಮುಂದೆ ಕೆಂಪು ಹಾಕಬೇಡ. ಎದುರಿನವರು ನೀನು ಅವರ ಕಡೆಗೇ ಬೆನ್ನು ಹಾಕಿ ಹೋಗುತ್ತಿದ್ದೀಯ ಅಂದುಕೊಳ್ಳುತ್ತಾರೆ. ಹಿಂದಿನದು ಮಿನುಗಬೇಕಾ, ಸುಮ್ಮನೆ ಉರಿಯಬೇಕಾ ಅಂತ ನೀನು ಕೇಳಿದ್ದೆಯಲ್ಲ. ಮಿನುಗುವುದು ಬೇಗ ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಕತ್ತಲಲ್ಲಿ ಎಷ್ಟು ದೂರದಲ್ಲಿದೆ ಅಂತ ಅಂದಾಜು ಸಿಗುವುದು ಎಡೆಬಿಡದೆ ಉರಿಯುವ ದೀಪದಿಂದಲೇ. ಎರಡು ದೀಪ ಹಾಕು, ಒಂದು ಮಿನುಗಲಿ, ಒಂದು ಉರಿಯಲಿ. ಸೈಕಲ್ಲಿಗೂ ಇಂಡಿಕೇಟರ್ ಬಂದಿದೆ ಅಂದೆಯಲ್ಲ, ಅದಕ್ಕೆ ದುಡ್ಡು ಹಾಕಬೇಡ. ಎಡ ಬಲ ದೀಪಗಳು ಅಷ್ಟು ಹತ್ತಿರ ಇದ್ದರೆ ದೂರದಿಂದ ಒಂದೇ ಚುಕ್ಕೆಯ ಹಾಗೆ ಕಾಣುತ್ತವೆ. ನಿನ್ನ ಕೈಯೇ ಅದಕ್ಕಿಂತ ವಾಸಿ. ಕೈ ಪೂರ್ತಿ ಚಾಚು, ಮಣಿಕಟ್ಟಿಗೆ ರೇಡಿಯಂ ಪಟ್ಟಿ ಕಟ್ಟಿಕೋ, ರಾತ್ರಿಯೂ ಕಾಣುತ್ತದೆ.

ರೇಡಿಯಂ ಅಂತ ನಾವು ಕರೆಯುವುದರಲ್ಲಿ ರೇಡಿಯಂ ಇಲ್ಲ, ಗೊತ್ತಾ? ಹಿಂದೆ ಗಡಿಯಾರದ ಮುಳ್ಳುಗಳಿಗೆ ನಿಜವಾದ ರೇಡಿಯಂ ಬಳಿಯುತ್ತಿದ್ದರು. ಹೊಳೆಯುವುದಕ್ಕೆಲ್ಲ ಆ ಹೆಸರು ಅಂಟಿಕೊಂಡದ್ದು ಅದರಿಂದಲೇ ಇರಬೇಕು. ಇದು ತಾನಾಗಿ ಹೊಳೆಯುವುದಿಲ್ಲ. ಒಳಗೆ ಪುಟ್ಟ ಗಾಜಿನ ಮಣಿಗಳೋ, ಮೂಲೆ ಮೂಲೆ ಸೇರಿದ ಸಣ್ಣ ಕನ್ನಡಿಯಂಥವೋ ಇರುತ್ತವೆ. ಬೆಳಕು ಯಾವ ಕಡೆಯಿಂದ ಬಂತೋ ಆ ಕಡೆಗೇ ವಾಪಸ್ ಕಳಿಸುತ್ತವೆ. ಚಂದ್ರನ ಮೇಲೆ ನಮ್ಮ ವಿಕ್ರಮ್ ಲ್ಯಾಂಡರ್ ಇಳಿದ ಸಂಜೆ ನಾವಿಬ್ಬರೂ ಟೀವಿ ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದೆವಲ್ಲ? ಅದರ ಮೇಲೂ ನಾಸಾದ ಇಂಥದೇ ಒಂದು ಸಾಧನ ಇದೆ, ಎಂಟು ಪುಟ್ಟ ಪ್ರಿಸಂ ಅಷ್ಟೇ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುವ ನಾಸಾ ನೌಕೆ ಸುಮಾರು 100 ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಿತು, ಬೆಳಕು ವಾಪಸ್ ಬಂತು. ಅಷ್ಟು ಹೊತ್ತಿಗೆ ವಿಕ್ರಮ್‌ನಲ್ಲಿ ಕರೆಂಟೇ ಇರಲಿಲ್ಲ, ಅದು ಮಲಗಿ ತಿಂಗಳುಗಳಾಗಿತ್ತು. ತಾತನ ಮಡ್‌ಗಾರ್ಡಿನ ತುಂಡು ಮಾಡುತ್ತಿದ್ದದ್ದೂ ಇದನ್ನೇ. ನಾನು ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮಕ್ಕಳು ಎದ್ದು ಹೋಗಿ ತಮ್ಮ ಸೈಕಲ್ ರಿಫ್ಲೆಕ್ಟರ್ ಒರೆಸಿ ಬಂದರು.

ಅಂಗಡಿಯಲ್ಲಿ ಹೊಳಪಿನ ಸ್ಟಿಕರನ್ನೇ ರೇಡಿಯಂ ಅಂತ ಕೊಟ್ಟುಬಿಡುತ್ತಾರೆ. ಪರೀಕ್ಷೆ ಸುಲಭ. ಹತ್ತು ಹೆಜ್ಜೆ ದೂರ ನಿಂತು ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡು. ಝಗ್ ಅಂತ ಬೆಳಗಿದರೆ ಸರಿ, ಇಲ್ಲದಿದ್ದರೆ ಬರೀ ಬಣ್ಣ. ಪೆಡಲ್‌ನ ಕಿತ್ತಳೆ ರಿಫ್ಲೆಕ್ಟರ್ ಕಿತ್ತುಹಾಕಬೇಡ. ಎರಡು ಚುಕ್ಕೆ ಮೇಲೆ ಕೆಳಗೆ ಆಡುವುದು ಕಂಡರೆ ಯಾರೋ ಸೈಕಲ್ ತುಳಿಯುತ್ತಿದ್ದಾರೆ ಅಂತ ನೋಡುವವರಿಗೆ ತಟ್ಟನೆ ತಿಳಿಯುತ್ತದೆ. ಆದರೆ ಒಂದು ಮಾತು. ರೇಡಿಯಂ ಕಾಣುವುದು ಅದರ ಮೇಲೆ ಹೆಡ್‌ಲೈಟ್ ಬಿದ್ದವರಿಗೆ ಮಾತ್ರ. ಅಡ್ಡರಸ್ತೆಯಿಂದ ಬರುವವರಿಗೆ ಕಾಣಬೇಕಾದರೆ ನಿನ್ನ ದೀಪವೇ ಉರಿಯುತ್ತಿರಬೇಕು.

ನಾಳೆ ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ. ಕೆಂಪು, ಬಿಳಿ ರೇಡಿಯಂ ಟೇಪ್, ಮಣಿಕಟ್ಟಿನ ಪಟ್ಟಿ ಎರಡು, ಹಿಂದಿನ ದೀಪಕ್ಕೆ ಒಂದು ಬಲ್ಬು. ಜೊತೆಗೆ ಚಕ್ಕುಲಿ ಇದೆ, ರೂಮಿನವರಿಗೂ ಕೊಡು. ಬಲ್ಬನ್ನು ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಇಡು.

ಭಾನುವಾರ ಸಂಜೆ ಏಳು ಗಂಟೆಗೆ ವಿಡಿಯೋ ಕಾಲ್ ಮಾಡು. ರೂಮಿನವರ ಕೈಗೆ ಫೋನ್ ಕೊಟ್ಟು ಗಾಡಿಯ ಹಿಂದೆ ನಿಲ್ಲಿಸು. ನೀನು ಗಾಡಿ ಮೇಲೆ ಕೂತು ಮೊದಲು ಎಡಗೈ ಬ್ರೇಕ್ ಹಿಡಿ, ಆಮೇಲೆ ಬಲಗೈದು. ನಾನು ಇಲ್ಲಿಂದ ನೋಡಿ ಹೇಳುತ್ತೇನೆ.

ನಿನ್ನ,
ಅಮ್ಮ